ಕಲ್ಲಿನ ಕಾರಂಜಿ ಚಿಮ್ಮದಿದ್ದಾಗ: ಸಂರಕ್ಷಿತ ಸ್ಮಾರಕದಲ್ಲಿ ದೋಷ ಹುಡುಕುವ ಕ್ರಮ

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ನಡುಮಧ್ಯದಲ್ಲಿ ಎಂಟು ಮೂಲೆಯ ಕಲ್ಲಿನ ತೊಟ್ಟಿಯಿದೆ. ತೊಟ್ಟಿಯ ನಡುವೆ ಆಳೆತ್ತರದ ಕಂಬ, ಕಂಬದ ತಲೆಯ ಮೇಲೆ ಅರಳಿದ ತಾವರೆ, ತಾವರೆಯ ಒಡಲಲ್ಲಿ 18 ಮಿಲಿಮೀಟರ್ ಬಾಯಿಯ ಹಿತ್ತಾಳೆಯ ಮೂತಿ. ಊರ ಪಡುವಣದ ಗುಡ್ಡದ ಬುಡದಲ್ಲಿರುವ ಹೊಂಡದಿಂದ ಸುಮಾರು 340 ಮೀಟರ್ ನೆಲದೊಳಗೆ ಹರಿದುಬರುವ ನೀರು, ಯಾವ ಯಂತ್ರದ ಹಂಗೂ ಇಲ್ಲದೆ ತನ್ನ ಮಟ್ಟದ ಬಲದಿಂದಲೇ ಆ ಮೂತಿಯಲ್ಲಿ ಚಿಮ್ಮಬೇಕು. ನಾನು ಹೋಗಿ ನೋಡಿದಾಗ ಅದು ಗೇಣುದ್ದ ಮಾತ್ರ ಏಳುತ್ತಿತ್ತು, ಅದೂ ಕೆಮ್ಮಿದ ಹಾಗೆ ಬಿಟ್ಟು ಬಿಟ್ಟು. ಊರಿನವರ ಪ್ರಶ್ನೆ ಒಂದೇ ಆಗಿತ್ತು: ಎಷ್ಟು ಎಚ್‌.ಪಿ. ಮೋಟಾರು ಕೂರಿಸಬೇಕು?

ಮೋಟಾರಿನ ಮಾತಿಗೆ ಹೋಗುವ ಮೊದಲು ಅಳೆದು ನೋಡಬೇಕಾದದ್ದು ಬಹಳಷ್ಟಿರುತ್ತದೆ. ಆ ಅಳತೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕು, ಪ್ರತಿಯೊಂದರಿಂದ ಏನನ್ನು ತಿಳಿಯಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಟ್ಟದ ಬಲದಿಂದ ನಡೆಯುವ ಕಾರಂಜಿಯೆಂದರೆ ಒಂದು ಜಮಾ-ಖರ್ಚಿನ ಲೆಕ್ಕ. ಹೊಂಡದ ನೀರಿನ ಮಟ್ಟಕ್ಕೂ ಮೂತಿಯ ಬಾಯಿಗೂ ಇರುವ ಎತ್ತರದ ವ್ಯತ್ಯಾಸ ಜಮಾ. ಕೊಳವೆಯೊಳಗಿನ ಉಜ್ಜಾಟ, ತಿರುವು, ಹೂಳು, ಗಾಳಿ, ಸೋರಿಕೆ ಇವೆಲ್ಲ ಖರ್ಚು. ಖರ್ಚು ಕಳೆದು ಉಳಿದದ್ದೇ ಮೂತಿಯ ಮೇಲಿನ ಜಿಗಿತ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಇಳಿದುಬರುವ ಏರ್ಪಾಡನ್ನು ಕಂಡವರಿಗೆ ಈ ಮಟ್ಟದ ಲೆಕ್ಕ ಹೊಸದಲ್ಲ. ದೋಷ ಹುಡುಕುವುದೆಂದರೆ ಜಮೆಯಲ್ಲಿ ಎಷ್ಟು ಮೀಟರ್ ಎಲ್ಲಿ ಕಳೆದುಹೋಯಿತೆಂದು ಪತ್ತೆಹಚ್ಚುವುದು. ಅದು ಗೊತ್ತಾಗುವವರೆಗೆ ಒಂದು ಕಲ್ಲನ್ನೂ ಅಲುಗಿಸಬಾರದು.

ಮುಟ್ಟುವ ಮೊದಲು

ಸ್ಮಾರಕ ಯಾರ ರಕ್ಷಣೆಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೇಂದ್ರದ 1958ರ ಕಾಯ್ದೆಯ ಕೆಳಗೆ ಬರುವವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು; ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಮುಸಾಫಿರ್‌ಖಾನೆ ಇದಕ್ಕೆ ಹತ್ತಿರದ ಉದಾಹರಣೆ. ಕರ್ನಾಟಕದ 1961ರ ಕಾಯ್ದೆಯ ಕೆಳಗೆ ಬರುವವು ರಾಜ್ಯದ ಪುರಾತತ್ವ ಇಲಾಖೆಯವು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿಯ ಪ್ರಕಾರ ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಕಾರಂಜಿಯ ಕೊಳವೆ ನೂರಾರು ಮೀಟರ್ ಓಡುವುದರಿಂದ, ಕಾರಂಜಿಯಿಂದ ದೂರದ ರಸ್ತೆಯ ಅಂಚಿನಲ್ಲಿ ತೆಗೆಯುವ ಗುಂಡಿಯೂ ಈ ಲೆಕ್ಕಕ್ಕೆ ಬರಬಹುದೆಂಬುದನ್ನು ಪ್ಲಂಬರುಗಳು ಮರೆಯುತ್ತಾರೆ. ಬರೀ ಅಳತೆಗೆ ಅಗೆತ ಬೇಕಿಲ್ಲ. ಆದರೂ ಸಂಬಂಧಪಟ್ಟ ಕಚೇರಿಗೆ ಒಂದು ಪತ್ರ ಕೊಟ್ಟು, ಅಲ್ಲಿಯ ಕಾವಲಿನವರ ಎದುರಿನಲ್ಲಿಯೇ ಕೆಲಸ ಆರಂಭಿಸಿದರೆ ಮುಂದಿನ ಅನುಮತಿಯೂ ಸುಲಭವಾಗುತ್ತದೆ.

ಸೋರಿಕೆ ಹುಡುಕಲೆಂದು ನೀರಿಗೆ ಕುಂಕುಮವನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ಕದಡುವವರಿದ್ದಾರೆ. ಗಾರೆಯ ಸಂದಿನಲ್ಲಿ ಇಳಿದ ಬಣ್ಣ ವರ್ಷಗಟ್ಟಲೆ ಹೋಗುವುದಿಲ್ಲ. ಉಪ್ಪು ಹಾಕಿ, ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆಯುವುದು ಜಾಣತನದಂತೆ ಕಂಡರೂ, ಕಲ್ಲಿನೊಳಗೆ ಸೇರಿದ ಉಪ್ಪು ಒಣಗುವಾಗ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಬಣ್ಣ ಬೇಕೇಬೇಕೆಂದಾದರೆ ನೀರಿನಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಎಂಬ ಬಣ್ಣ ಚಿಟಿಕೆಯಷ್ಟು ಸಾಕು. ಈ ಊರಿನ ಕೆಲಸದಲ್ಲಿ ಅದೂ ಬೇಕಾಗಲಿಲ್ಲ.

ಜಿಗಿತವನ್ನು ಓದುವುದು

ಹತ್ತು ನಿಮಿಷ ಸುಮ್ಮನೆ ಕುಳಿತು ನೀರನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನೀರಿನ ಎಳೆ ಸಣ್ಣಗಾಗಿದ್ದು ಎತ್ತರ ಮಾತ್ರ ಹೆಚ್ಚು ಕಡಿಮೆ ಹಿಂದಿನಷ್ಟೇ ಇದ್ದರೆ ದೋಷ ಮೂತಿಯಲ್ಲಿದೆ. ಮೂತಿಯ ಬಾಯಿ ಕಿರಿದಾದಾಗ ಹರಿವು ಇಳಿಯುತ್ತದೆ, ಹರಿವು ಇಳಿದಾಗ ಕೊಳವೆಯ ಖರ್ಚೂ ಇಳಿಯುತ್ತದೆ, ಆದ್ದರಿಂದ ಎತ್ತರ ಉಳಿದುಕೊಳ್ಳುತ್ತದೆ. ಅದಕ್ಕೆ ತಿರುಗುಮುರುಗಾಗಿ, ಎಳೆ ಮೊದಲಿನಷ್ಟೇ ದಪ್ಪವಾಗಿದ್ದು ಎತ್ತರ ಕುಸಿದಿದ್ದರೆ ಖರ್ಚು ಹಿಂದೆ ಎಲ್ಲೋ ಕೊಳವೆಯಲ್ಲಿ ಆಗುತ್ತಿದೆ. ನೀರು ಬಿಟ್ಟು ಬಿಟ್ಟು ಉಗುಳಿದರೆ, ನಡುನಡುವೆ ಬುಸ್ಸೆಂದು ಬಿಳಿಯ ನೊರೆ ಬಂದರೆ, ಗಾಳಿ ಸೇರಿದೆ. ಒಂದೇ ಕಡೆಗೆ ವಾಲಿ ಬಿದ್ದರೆ ಮೂತಿಯ ಅಂಚು ಜಜ್ಜಿದೆ, ಇಲ್ಲವೇ ಕಂಬವೇ ವಾಲಿದೆ. ಇದನ್ನು ತೂಕದ ಗುಂಡು ಇಳಿಬಿಟ್ಟು ಎರಡು ಬದಿಯಿಂದ ನೋಡಿದರೆ ತಿಳಿಯುತ್ತದೆ.

ನಾವು ಕಂಡದ್ದು ದಪ್ಪ ಎಳೆ, ಗೇಣೆತ್ತರ, ಕೆಮ್ಮು. ಹಿಂದಿನ ವಾರವಷ್ಟೇ ಯಾರೋ ಮೂತಿಯೊಳಗೆ ಕಬ್ಬಿಣದ ಸರಳು ತುರುಕಿ ತಿರುವಿದ್ದರ ಗೀರು ಹಿತ್ತಾಳೆಯ ಮೇಲೆ ಹೊಳೆಯುತ್ತಿತ್ತು. ಎಳೆಯ ದಪ್ಪವನ್ನು ಒಮ್ಮೆ ನೋಡಿದ್ದರೆ ಮೂತಿಗೆ ಆ ಗೀರು ಬೀಳುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಮಾತು. ಬೇಸಿಗೆಯಲ್ಲಿ ಕಾರಂಜಿ ನಿಲ್ಲುವುದು ಎಲ್ಲ ಸಲವೂ ದೋಷವಲ್ಲ. ಹೊಂಡದ ನೀರು ಕೊಳವೆ ಹಾದುಬರುವ ಅತಿ ಎತ್ತರದ ಜಾಗಕ್ಕಿಂತ ಕೆಳಗಿಳಿದರೆ ನೀರು ಬರುವುದೇ ಇಲ್ಲ. ಕಟ್ಟಿದವರಿಗೆ ಅದು ಗೊತ್ತಿತ್ತು. ಕುಡಿಯುವ ನೀರನ್ನು ಹೊಂಡದಲ್ಲಿ ಉಳಿಸುವುದಕ್ಕೇ ಹಾಗೆ ಮಾಡಿರಲೂಬಹುದು ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಯಾವ ತಿಂಗಳಿಂದ ನಿಂತಿದೆ, ಕೋಡಿ ಬಿದ್ದ ವರ್ಷವೂ ನಿಂತಿತ್ತೇ ಎಂದು ಮೊದಲು ಊರಿನ ಹಿರಿಯರನ್ನು ಕೇಳಬೇಕು.

ಬಕೆಟ್ಟು, ಲೆವೆಲ್ ಪೈಪು, ತೂಬಿನ ಗೂಡು

ಇಡೀ ಪರೀಕ್ಷೆಗೆ ನಾವು ಬಳಸಿದ್ದು 20 ಲೀಟರಿನ ಒಂದು ಬಕೆಟ್ಟು, ಮೊಬೈಲಿನ ಗಡಿಯಾರ, ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪು, ಒಂದು ಬಿದಿರು ಗಳ, ಒಂದು ಟೇಪು. ಪ್ರೆಶರ್ ಗೇಜು ತಂದವರು ಅದನ್ನು ಚೀಲದಲ್ಲಿಯೇ ಇಟ್ಟುಕೊಳ್ಳಬಹುದು. ಒಂದು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ 0.1 ಕೆ.ಜಿ.ಯಷ್ಟೇ ಒತ್ತಡವಿರುವುದರಿಂದ, 7 ಕೆ.ಜಿ.ವರೆಗೆ ಗುರುತಿರುವ ಅಂಗಡಿಯ ಗೇಜಿನಲ್ಲಿ ಇಂಥ ಕಾರಂಜಿಯ ಇಡೀ ಸಂಪತ್ತು ಮುಳ್ಳಿನ ಒಂದು ಸಣ್ಣ ನಡುಗು ಮಾತ್ರ. ಲೆವೆಲ್ ಪೈಪಿನಲ್ಲಾದರೆ ಅದೇ ಒತ್ತಡ ಆಳೆತ್ತರಕ್ಕೆ ಎದ್ದು ನಿಂತು ಸೆಂಟಿಮೀಟರ್ ಸಹಿತ ಲೆಕ್ಕ ಕೊಡುತ್ತದೆ.

ಮೊದಲು ಎತ್ತರ. ಹೊಂಡದ ಕೋಡಿಯಿಂದ ಆರಂಭಿಸಿ ಲೆವೆಲ್ ಪೈಪಿನಲ್ಲಿ ಹಂತ ಹಂತವಾಗಿ ಮಟ್ಟ ಇಳಿಸುತ್ತ ಬಂದಾಗ, ಮೂತಿಯ ಬಾಯಿ ಕೋಡಿಗಿಂತ 3.6 ಮೀಟರ್ ಕೆಳಗಿತ್ತು. ಅಂದು ಹೊಂಡದ ನೀರು ಕೋಡಿಗಿಂತ 0.9 ಮೀಟರ್ ತಗ್ಗಿತ್ತು. ಅಂದರೆ ಅಂದಿನ ಜಮಾ 2.7 ಮೀಟರ್. ಈ ಮಟ್ಟ ಇಳಿಸುವ ಕೆಲಸವನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಮಾಡಬೇಕು. ಎರಡರ ನಡುವೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪೈಪಿನಲ್ಲಿ ಗುಳ್ಳೆ ಸೇರಿದೆ ಎಂದು ತಿಳಿದು ಮತ್ತೆ ಅಳೆಯಬೇಕು.

ಆಮೇಲೆ ಹರಿವು. ಮೂತಿಯಿಂದ ಬರುವ ನೀರನ್ನೆಲ್ಲ ಅಗಲವಾದ ಮೆತುವಾದ ರಬ್ಬರ್ ತೋಳಿನಲ್ಲಿ ಬಕೆಟ್ಟಿಗೆ ತಿರುಗಿಸಿ ಮೂರು ಸಲ ಅಳೆದಾಗ 20 ಲೀಟರ್ ತುಂಬಲು ಸರಾಸರಿ 40 ಸೆಕೆಂಡು ಹಿಡಿಯಿತು. ನಿಮಿಷಕ್ಕೆ 30 ಲೀಟರ್.

ಇನ್ನು ಮುಖ್ಯವಾದ ಪರೀಕ್ಷೆ. ಕಂಬದ ಬುಡದಲ್ಲಿ ತೊಟ್ಟಿ ತೊಳೆಯಲು ಬಿಟ್ಟಿರುವ ಸಣ್ಣ ನಲ್ಲಿಗೆ ಲೆವೆಲ್ ಪೈಪನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿದಿರು ಗಳಕ್ಕೆ ಕಟ್ಟಿ ಮೇಲೆತ್ತಿ, ಮೂತಿಗೆ ರಬ್ಬರಿನ ಬಿರಡೆ ಹಾಕಿ ಮುಚ್ಚಿದೆವು. ಹರಿವು ಪೂರ್ತಿ ನಿಂತ ಮೇಲೆ ಪೈಪಿನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಹರಿವಿಲ್ಲದಿದ್ದಾಗ ಉಜ್ಜಾಟದ ಖರ್ಚೂ ಇಲ್ಲ. ಆದ್ದರಿಂದ ಆ ನೀರು ಹೊಂಡದ ಮಟ್ಟಕ್ಕೇ, ಅಂದರೆ ಮೂತಿಗಿಂತ 2.7 ಮೀಟರ್ ಮೇಲಕ್ಕೆ ಏರಬೇಕು. ಏರಿದರೆ ಕೊಳವೆಯಲ್ಲಿ ಸೋರಿಕೆಯೂ ಇಲ್ಲ, ಗಾಳಿಯೂ ಇಲ್ಲ. ದೋಷ ಅಡಚಣೆಯದು, ಹೂಳೋ ಬೇರೋ ಅರ್ಧ ಮುಚ್ಚಿದ ವಾಲ್ವೋ ಇರಬೇಕು. ಏರದಿದ್ದರೆ ಒಂದೋ ನೀರು ದಾರಿಯಲ್ಲಿ ಸೋರುತ್ತಿದೆ, ಇಲ್ಲವೇ ಕೊಳವೆಯ ಉಬ್ಬಿನಲ್ಲಿ ಗಾಳಿ ಕೂತಿದೆ.

ನಮ್ಮದು 1.5 ಮೀಟರಿಗೆ ನಿಂತಿತು. 1.2 ಮೀಟರ್ ಲೆಕ್ಕಕ್ಕೆ ಸಿಗುತ್ತಿಲ್ಲ.

ಸೋರಿಕೆಯೋ ಗಾಳಿಯೋ ಎಂಬುದನ್ನು ಬೇರ್ಪಡಿಸುವುದು ಹೊಂಡದ ತುದಿಯಲ್ಲಿ. ಹೊಂಡದ ನೀರು ಕೊಳವೆಗೆ ಇಳಿಯುವ ಮೊದಲು ತಂಗುವ ಚೌಕದ ಗುಂಡಿಯನ್ನು ಅಲ್ಲಿ ತೂಬಿನ ಗೂಡು ಎನ್ನುತ್ತಾರೆ. ಒಳಗಿನ ಅಳತೆ ಎರಡಡಿಗೆ ಎರಡಡಿ. ಹೊಂಡದಿಂದ ಗೂಡಿಗೆ ಬರುವ ಕಿಂಡಿಗೆ ಹಲಗೆ ಇಟ್ಟು, ಅಂಚಿಗೆ ಜೇಡಿಮಣ್ಣು ಮೆತ್ತಿ ಮುಚ್ಚಿದೆವು. ಮೂತಿಯೂ ಮುಚ್ಚಿರುವುದರಿಂದ ಈಗ ಗೂಡಿನ ನೀರು ಇಳಿದರೆ ಅದು ಸೋರಿಕೆಗೇ ಹೋಗುತ್ತಿರಬೇಕು. ನಿಮಿಷಕ್ಕೆ 6 ಲೀಟರ್ ಸೋರಿದರೂ ಆ ಗೂಡಿನಲ್ಲಿ ನೀರು ನಿಮಿಷಕ್ಕೆ ಸುಮಾರು 16 ಮಿಲಿಮೀಟರ್ ಇಳಿಯಬೇಕಾಗುತ್ತದೆ, ಕಣ್ಣಿಗೆ ಕಾಣದೆ ಇರುವುದಿಲ್ಲ. ಕಲ್ಲಿನ ಗೋಡೆಗೆ ಉಕ್ಕಿನ ಅಡಿಕೋಲು ಆನಿಸಿ ಹತ್ತು ನಿಮಿಷ ಕಾದೆವು. ನೀರಿನ ಮೇಲೆ ಬಿದ್ದಿದ್ದ ಒಂದು ಹೊಂಗೆ ಎಲೆ ಅಡಿಕೋಲಿನ ಅದೇ ಗೆರೆಯ ಮೇಲೆ ತೂಗಾಡುತ್ತಿತ್ತು, ಕೆಳಗಿಳಿಯಲಿಲ್ಲ. ಸೋರಿಕೆಯಿಲ್ಲ, ಗಾಳಿ.

ಇಷ್ಟು ಹೊತ್ತಿಗೆ ಒಂದು ಮಧ್ಯಾಹ್ನ ಕಳೆದಿತ್ತು, ಒಂದು ಗುದ್ದಲಿ ಏಟೂ ಬಿದ್ದಿರಲಿಲ್ಲ. ಇದೇ ಜಾಗದಲ್ಲಿ ಕೊಳವೆಯುದ್ದಕ್ಕೂ ಅಗೆದು ಪಿ.ವಿ.ಸಿ. ಹಾಕುವ ಅಂದಾಜು ಪಟ್ಟಿಯೊಂದು ಆಗಲೇ ತಯಾರಾಗಿತ್ತು ಎಂಬುದನ್ನು ಇಲ್ಲಿ ಹೇಳದಿರಲಾರೆ.

ಗಾಳಿ ಕೂತ ಜಾಗ

ಕೊಳವೆ ನೆಲದೊಳಗೆ ಏರಿಳಿದು ಹೋಗುವ ಕಡೆ, ಉಬ್ಬಿನ ತಲೆಯಲ್ಲಿ ಗಾಳಿ ಸೇರುತ್ತದೆ. ನೀರಿನಲ್ಲಿ ಕರಗಿದ್ದ ಗಾಳಿ ಬಿಡಿಸಿಕೊಂಡು ಬಂದು ಅಲ್ಲಿ ನಿಲ್ಲುತ್ತದೆ. ಹೊಂಡದ ನೀರು ತೀರ ಇಳಿದಾಗ ತೂಬಿನ ಬಾಯಲ್ಲಿ ಸುಳಿ ಎದ್ದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹೂಳೆತ್ತಲು ಒಮ್ಮೆ ಬರಿದು ಮಾಡಿ ಮತ್ತೆ ತುಂಬಿದರಂತೂ ಕೊಳವೆಯ ತುಂಬ ಗಾಳಿಯೇ. ಹೀಗೆ ಕೂತ ಗಾಳಿ ಉಬ್ಬಿನಾಚೆಯ ಇಳಿಜಾರಿನಲ್ಲಿ ಎಷ್ಟು ಎತ್ತರ ವ್ಯಾಪಿಸಿದೆಯೋ ಅಷ್ಟು ಎತ್ತರ ನಮ್ಮ ಜಮೆಯಿಂದ ಕಡಿತವಾಗುತ್ತದೆ. ನಮ್ಮ 1.2 ಮೀಟರ್ ಅದೇ.

ಹಳಬರು ಇದನ್ನು ತಿಳಿದೇ ಉಬ್ಬಿನ ಮೇಲೆ ಗಾಳಿ ಹೋಗುವ ದಾರಿ ಬಿಡುತ್ತಿದ್ದರು. ವಿಜಯಪುರದಲ್ಲಿ ಆದಿಲ್‌ಶಾಹಿಗಳ ಕಾಲದ ಮಣ್ಣಿನ ಕೊಳವೆಗಳ ದಾರಿಯಲ್ಲಿ ಇಂದಿಗೂ ನಿಂತಿರುವ ಗಂಜ್ ಎಂಬ ನೀರಿನ ಗೋಪುರಗಳು ಒತ್ತಡ ಇಳಿಸಲು, ಹೂಳು ತಂಗಲು ಕಟ್ಟಿದವು. ಹಳ್ಳಿಯ ಕಾರಂಜಿಗೆ ಅಷ್ಟು ದೊಡ್ಡದು ಬೇಡ, ಆದರೆ ಸಣ್ಣದೊಂದು ಇರಲೇಬೇಕು. ಹೊಂಡದಿಂದ 130 ಮೀಟರ್ ದೂರದಲ್ಲಿ ದಾರಿ ಬಂಡೆಯೊಂದನ್ನು ಹತ್ತಿ ಇಳಿಯುವ ಕಡೆ, ಎದೆಯೆತ್ತರದ, ಸುಮಾರು ನಾಲ್ಕಡಿಯ ಕಲ್ಲಿನ ಕಂಬ ನಿಂತಿತ್ತು. ತಲೆಯ ಮೇಲೆ ಗುಂಡನೆಯ ಗುಳಿ, ಗುಳಿಯ ತುಂಬ ಸಿಮೆಂಟು. ಮುರಿದ ದೀಪದ ಕಂಬವೆಂದುಕೊಂಡು ಯಾವುದೋ ಸುಂದರೀಕರಣದ ಕಾಲದಲ್ಲಿ ಅದನ್ನು ನುಣುಪಾಗಿ ಮುಚ್ಚಿ, ಮೇಲೆ ಬಣ್ಣವನ್ನೂ ಬಳಿದಿದ್ದರು.

ಹಿಂದೆ ನೀರಗಂಟಿಯಾಗಿದ್ದ ಮನೆತನದ ಹಿರಿಯರೊಬ್ಬರು ನಮ್ಮ ಜೊತೆ ಬಂದಿದ್ದರು. ‘ಅಜ್ಜ, ಇದು ದೀಪದ ಕಂಬವಾ?’ ಎಂದು ಕೇಳಿದೆ. ‘ದೀಪದ್ದಲ್ಲ ಸ್ವಾಮಿ, ಗಾಳಿ ಕಂಬ. ನಮ್ಮಪ್ಪ ಇದಕ್ಕೆ ಕಿವಿಯಿಟ್ಟು ಕೇಳೋನು. ಗುಳುಗುಳು ಅಂದ್ರೆ ನೀರು ಬಂತು ಅಂತ ಊರಿಗೆ ಹೋಗಿ ಹೇಳೋನು’ ಎಂದರು. ಮಟ್ಟ ಹಿಡಿದು ನೋಡಿದರೆ ಕಂಬದ ತಲೆ ಕೋಡಿಗಿಂತ ಒಂದಡಿಯಷ್ಟು ಮೇಲಿತ್ತು. ಗಾಳಿ ಕಂಬದ ತಲೆ ಹೊಂಡದ ತುಂಬು ಮಟ್ಟಕ್ಕಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಮೂತಿ ಮುಚ್ಚಿದಾಗ ನೀರೆಲ್ಲ ಅಲ್ಲಿಯೇ ಉಕ್ಕುತ್ತದೆ. ಅಜ್ಜನ ಮಾತಿಗೆ ಆ ಒಂದಡಿಯೇ ಸಾಕ್ಷಿಯಾಯಿತು. ಯಾವುದೇ ಹಳೆಯ ಕಾರಂಜಿಯ ದಾರಿಯಲ್ಲಿ ಅರ್ಥವಾಗದ ಕಂಬ, ತೂತು, ಕಟ್ಟೆ, ಮುಚ್ಚಳದ ಕಲ್ಲು ಕಂಡರೆ ಅದನ್ನು ಅಲಂಕಾರವೆಂದು ಬಿಡದೆ ಅದರ ಮಟ್ಟವನ್ನು ಅಳೆದು ಬರೆದುಕೊಳ್ಳಬೇಕೆಂಬುದು ಅಂದಿನಿಂದ ನನ್ನ ಅಭ್ಯಾಸ.

ಅನುಮತಿ ಬಂದ ಮೇಲೆ ಕಲ್ಲುಕುಟಿಗರೊಬ್ಬರು ಸಣ್ಣ ಚಾಣದಿಂದ, ಬೆರಳಗಲದ ಚೂರುಗಳಾಗಿ ಸಿಮೆಂಟನ್ನು ಎಬ್ಬಿಸಿದರು. ಬ್ರೇಕರ್ ಯಂತ್ರ, ಡ್ರಿಲ್ಲು ಇಂಥ ಕಡೆ ಸಲ್ಲದು. ಸಿಮೆಂಟಿಗಿಂತ ಮೊದಲು ಕಂಬವೇ ಸೀಳುತ್ತದೆ. ನಾಲ್ಕಿಂಚು ಇಳಿದಾಗ ತಾಮ್ರದ ಕೊಳವೆಯ ಬಾಯಿ ಕಂಡಿತು, ಅದರ ಮೇಲಿನ ಕೊನೆಯ ಚೂರು ಕಿತ್ತಾಗ ಉಸ್ಸೆಂದು ಗಾಳಿ ಬಂತು. ಅಜ್ಜ ಹೆಗಲ ಟವೆಲ್ಲಿನ ತುದಿಯನ್ನು ಬಾಯಿಗೆ ಹಿಡಿದರು. ಮೂರು ನಾಲ್ಕು ನಿಮಿಷ ಅದು ಪಟಪಟನೆ ಹಾರಿ, ಆಮೇಲೆ ಜೋತುಬಿತ್ತು. ಕಾರಂಜಿಯ ಬಳಿ ಬಂದು ಮತ್ತೆ ಮೂತಿ ಮುಚ್ಚಿ ನೋಡಿದರೆ ಪೈಪಿನಲ್ಲಿ ನೀರು 2.7 ಮೀಟರಿಗೆ ಎರಡು ಬೆರಳಿನಷ್ಟು ಕಡಿಮೆ ನಿಂತಿತ್ತು. ಅಷ್ಟು ವ್ಯತ್ಯಾಸ ನಮ್ಮ ಅಳತೆಯದೇ.

ಈಗ ಅದರ ಬಾಯಿಗೆ ತೂತುಗಳಿರುವ ಹಿತ್ತಾಳೆಯ ಮುಚ್ಚಳ ಕೂರಿಸಿದೆ. ಅಂಟಿಸಿಲ್ಲ, ಕೈಯಲ್ಲಿ ಎತ್ತಿ ತೆಗೆಯಬಹುದು.

ಉಳಿದ ಅಡಚಣೆ

ಗಾಳಿ ಹೋದ ಮೇಲೂ ಬಕೆಟ್ಟು ತುಂಬಲು 24 ಸೆಕೆಂಡು ಬೇಕಾಯಿತು, ಜಿಗಿತ ಒಂದೂಮುಕ್ಕಾಲು ಅಡಿ. ಊರಿನವರಿಗೆ ಅಷ್ಟೇ ಸಾಕಾಗಿತ್ತು, ಚಪ್ಪಾಳೆಯೂ ಆಯಿತು. ಆದರೆ ನಿಂತ ನೀರಿನ ಮಟ್ಟ ಸರಿಯಿದ್ದು ಹರಿವು ಮಾತ್ರ ಕಡಿಮೆಯಿದ್ದರೆ ಅಡಚಣೆ ಇನ್ನೂ ಉಳಿದಿದೆ ಎಂದೇ ಅರ್ಥ. ಹಳೆಯ ವ್ಯವಸ್ಥೆಗಳಲ್ಲಿ ದೋಷಗಳು ಜೋಡಿಯಾಗಿ ಬರುತ್ತವೆ. ಒಂದು ದೋಷದಿಂದ ಹರಿವು ನಿಧಾನವಾದಾಗ ಹೂಳು ತಂಗಿ ಎರಡನೆಯದು ಹುಟ್ಟಿಕೊಳ್ಳುತ್ತದೆ.

ಹೂಳು ತಂಗುವುದು ಕೊಳವೆಯ ತಗ್ಗಿನಲ್ಲಿ. ನಮ್ಮ ಕೊಳವೆ ಬಂಡೆ ಹತ್ತುವ ಮೊದಲು ಒಂದು ಹಳ್ಳವನ್ನು ದಾಟುತ್ತದೆ. ಅಲ್ಲಿ ಕಲ್ಲುಚಪ್ಪಡಿಯ ಕೆಳಗೆ ಹೂಳು ತೊಳೆಯುವ ವಾಲ್ವ್ ಸಿಕ್ಕಿತು. ಹಳೆಯ ಗೇಟ್‌ವಾಲ್ವನ್ನು ಉದ್ದ ಪಾನಾ ಹಾಕಿ ಬಲವಂತವಾಗಿ ತಿರುವಿದರೆ ಸ್ಪಿಂಡಲ್ಲು ಮುರಿದು ಗೇಟು ಮುಚ್ಚಿಯೇ ಉಳಿಯುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ಬಿಡಿಸಬೇಕು. ತೆರೆದಾಗ ಕೆಂಪು ಮಣ್ಣಿನ ಗಟ್ಟಿ ನೀರು ಇಪ್ಪತ್ತು ನಿಮಿಷ ಬಂದು ಆಮೇಲೆ ತಿಳಿಯಾಯಿತು. ಮುಚ್ಚುವಾಗ ತೆರೆದದ್ದಕ್ಕಿಂತ ನಿಧಾನ ಬೇಕು, ಏಕೆಂದರೆ ಹರಿಯುವ ನೀರನ್ನು ಥಟ್ಟನೆ ತಡೆದರೆ ಅದರ ಪೆಟ್ಟು ಸೀಸ ಮತ್ತು ಸೆಣಬು ತುಂಬಿ ಬಿಗಿದ ಬೀಡು ಕಬ್ಬಿಣದ ಸಂದುಗಳಿಗೆ ಬೀಳುತ್ತದೆ. ಬಕೆಟ್ಟಿನ ಲೆಕ್ಕ 15 ಸೆಕೆಂಡಿಗೆ ಬಂತು. ಜಿಗಿತ ನಾಲ್ಕೂವರೆ ಅಡಿ.

ತೊಳೆದರೂ ಹರಿವು ಹೆಚ್ಚದಿದ್ದರೆ ಹೊರಬಂದ ಕಸವನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಬೇಕು. ಕೂದಲಿನಂಥ ಕಂದು ಎಳೆಗಳಿದ್ದರೆ ಮಣ್ಣಿನ ಕೊಳವೆಯ ಸಂದಿನಲ್ಲಿ ಅರಳಿಯ ಅಥವಾ ಆಲದ ಬೇರು ಇಳಿದಿದೆ. ಬೇರನ್ನು ಎಳೆದು ಕೀಳಬಾರದು, ಸಂದು ಬಿಚ್ಚಿಕೊಳ್ಳುತ್ತದೆ; ಕತ್ತರಿಸಿ ತೆಗೆದು, ಮೇಲಿನ ಗಿಡವನ್ನು ಸಾಯಿಸಿ, ಆಮೇಲೆ ಸಂದನ್ನು ಗಾರೆಯಿಂದ ತುಂಬಬೇಕು. ತುಕ್ಕಿನ ಗಡಸು ಗಂಟುಗಳು ಬಂದರೆ ಬೀಡಿನ ಕೊಳವೆ ಒಳಗಿನಿಂದ ಕಿರಿದಾಗಿದೆ. ಅದರ ಪರಿಣಾಮ ಅಂದಾಜಿಗಿಂತ ದೊಡ್ಡದು: 75 ಮಿಲಿಮೀಟರಿನ ಕೊಳವೆ 60ಕ್ಕೆ ಇಳಿದರೆ, ಅದೇ ಹರಿವಿಗೆ ಎತ್ತರದ ಖರ್ಚು ಸುಮಾರು ಮೂರು ಪಟ್ಟಾಗುತ್ತದೆ.

ತೊಟ್ಟಿ ಸೋರಿದರೆ

ತೊಟ್ಟಿಯ ನೀರು ಇಳಿಯುತ್ತಿದೆ ಎಂಬ ದೂರು ಬಂದಾಗ ಅದರಲ್ಲಿ ಬಿಸಿಲಿನ ಪಾಲೆಷ್ಟು, ಸೋರಿಕೆಯ ಪಾಲೆಷ್ಟು ಎಂದು ಬೇರ್ಪಡಿಸಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಆವಿಯಾಗುವುದು ಕಡಿಮೆಯೇನಲ್ಲ. ಕಾರಂಜಿ ನಿಲ್ಲಿಸಿ, ಒಂದು ಬಕೆಟ್ಟಿನಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಕಲ್ಲು ಹೇರಿ, ತೊಟ್ಟಿಯೊಳಗೇ ಅರ್ಧ ಮುಳುಗುವಂತೆ ಇಟ್ಟು, ಒಳಗಿನ ಹೊರಗಿನ ಎರಡೂ ಮಟ್ಟಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಗುರುತು ಬಕೆಟ್ಟಿನ ಮೇಲೆ, ಕಲ್ಲಿನ ಮೇಲಲ್ಲ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲು. ಹೊರಗಿನದು ಹೆಚ್ಚು ಇಳಿದಿದ್ದರೆ ಆ ಹೆಚ್ಚುವರಿಯೇ ಸೋರಿಕೆ: 12 ಚದರ ಮೀಟರಿನ ತೊಟ್ಟಿಯಲ್ಲಿ 10 ಮಿಲಿಮೀಟರ್ ಎಂದರೆ ದಿನಕ್ಕೆ 120 ಲೀಟರ್. ಆಮೇಲೆ ನೀರನ್ನು ಇಳಿಯಲು ಬಿಟ್ಟು ಕಾಯಬೇಕು. ಯಾವ ಮಟ್ಟಕ್ಕೆ ಬಂದು ಇಳಿಕೆ ನಿಲ್ಲುತ್ತದೋ ಆ ಸುತ್ತಿನ ಸಂದುಗಳಲ್ಲಿಯೇ ತೂತಿದೆ.

ನಾನು ಕಂಡ ಸೋರುವ ತೊಟ್ಟಿಗಳಲ್ಲಿ ಹೆಚ್ಚಿನವು ಸಿಮೆಂಟಿನಿಂದ ರಿಪೇರಿಯಾದವೇ. ಗಡಸಾದ ಸಿಮೆಂಟು ಕಲ್ಲಿನ ಜೊತೆ ಹಿಗ್ಗಿ ಕುಗ್ಗಲಾರದೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಒಳಗೆ ಹೋದ ತೇವವನ್ನು ಹೊರಗೂ ಬಿಡುವುದಿಲ್ಲ. ಸುಣ್ಣ, ಮರಳು, ಸುರ್ಕಿ ಸೇರಿಸಿ ಚೆನ್ನಾಗಿ ಅರೆದ ಗಾರೆ ಮೆದುವಾದರೂ ಬಾಳಿಕೆಯದು. ಇಟ್ಟಿಗೆಯ ಪುಡಿಯಾದ ಸುರ್ಕಿಯಿಂದ ಅದು ತೇವದಲ್ಲಿಯೂ ಗಟ್ಟಿಯಾಗುತ್ತದೆ. ಬೆಲ್ಲ, ಅಳಲೆಕಾಯಿಯ ನೀರು ಸೇರಿಸುವುದು ಹಳೆಯ ರೂಢಿ. ಎಷ್ಟೆಷ್ಟು ಎಂಬುದನ್ನು ಕಾರಂಜಿಯ ಮೂಲ ಗಾರೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿ ಇಲಾಖೆಯವರೇ ಹೇಳಬೇಕು. ಹಾಕಿದ ಮೇಲೆ ಒದ್ದೆ ಗೋಣಿ ಹೊದಿಸಿ ವಾರಗಟ್ಟಲೆ ಒಣಗದಂತೆ ನೋಡಿಕೊಳ್ಳಬೇಕು. ಅವಸರಪಟ್ಟು ನೀರು ತುಂಬಿದರೆ ಎಲ್ಲ ತೊಳೆದುಹೋಗುತ್ತದೆ.

ಕಲ್ಲಿನ ಮೂಲೆ ಹೊರಗಿನ ಒತ್ತಡವಿಲ್ಲದೆಯೂ ಸಿಡಿದಿದ್ದರೆ ಒಳಗೆ ಕಲ್ಲುಗಳನ್ನು ಬಿಗಿದಿಡುವ ಕಬ್ಬಿಣದ ಹಿಡಿ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಜಾಗ ಸಿಗದಿದ್ದರೆ ಕಲ್ಲನ್ನು ಸೀಳುತ್ತದೆ. ಅಂಥ ಹಿಡಿಯನ್ನು ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದನ್ನು ಹಾಕುವುದು ತಜ್ಞರ ಕೆಲಸ. ನಮ್ಮ ಪಾಲಿನದು ಸಿಡಿತದ ಫೋಟೋ ತೆಗೆದು ಬಿದ್ದ ಚೂರನ್ನು ಕಾಪಾಡುವುದು.

ಮೋಟಾರು ಆಗಲೇ ಕೂತಿದ್ದರೆ

ಹೊಂಡ ಬತ್ತಿದ ಕಡೆಗಳಲ್ಲಿ ಬೋರ್‌ವೆಲ್ಲಿನ ನೀರಿಗೆ ಕಾರಂಜಿಯನ್ನು ಜೋಡಿಸಿರುತ್ತಾರೆ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಬೋರಿನ ನೀರು ಬಹುಮಟ್ಟಿಗೆ ಗಡಸು. ತಾವರೆಯ ದಳಗಳ ಮೇಲೆ ಬಿಳಿಯ ಪದರ ಕಟ್ಟಿ ಕೆತ್ತನೆ ಮುಚ್ಚಿಹೋಗುತ್ತದೆ, ಮೂತಿ ಕಿರಿದಾಗುತ್ತದೆ. ಪದರ ತೆಗೆಯಲು ಆ್ಯಸಿಡ್ ಬಳಸಬೇಡಿ, ಟಾಯ್ಲೆಟ್ ತೊಳೆಯುವ ದ್ರಾವಣವಂತೂ ಬೇಡವೇ ಬೇಡ. ಅದು ಸುಣ್ಣದ ಪದರವನ್ನು ತಿನ್ನುವ ಹಾಗೆಯೇ ಸುಣ್ಣದ ಗಾರೆಯನ್ನೂ ತಿನ್ನುತ್ತದೆ. ಕಲ್ಲಿನ ಮೇಲಿನದನ್ನು ಒದ್ದೆ ಮಾಡಿ ಬಿದಿರಿನ ಚಕ್ಕೆಯಿಂದ ತಾಳ್ಮೆಯಿಂದ ಕೆರೆಯಬೇಕು. ಮೂತಿಯನ್ನು ಬಿಚ್ಚಲು ಸಾಧ್ಯವಿದ್ದರೆ ಬಿಚ್ಚಿ ಕಲ್ಲಿನಿಂದ ದೂರ ಒಯ್ದು ಸ್ವಚ್ಛಗೊಳಿಸಬಹುದು. ಪಾಚಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದೂ, ಒತ್ತಡದ ನೀರಿನ ಗನ್ನು ಹಿಡಿಯುವುದೂ ಇದೇ ಸಾಲಿನ ತಪ್ಪುಗಳು.

ಮೋಟಾರು ಆಗಾಗ ಟ್ರಿಪ್ ಆದರೆ ಮೊದಲು ವೋಲ್ಟೇಜು, ಆಮೇಲೆ ಫಿಲ್ಟರು, ಕೊನೆಗೆ ಮೋಟಾರು ನೋಡಬೇಕು. ತೊಟ್ಟಿಯೊಳಗೆ ಬಣ್ಣದ ದೀಪ ಹಾಕಿದ್ದರೆ ಅವು 12 ವೋಲ್ಟಿನವೇ, ಮುಖ್ಯ ಸಾಲಿಗೆ, ಕರೆಂಟು ಸೋರಿದರೆ ತಾನೇ ಸಾಲು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ನೋಡದೆ ನೀರಿಗೆ ಕೈ ಹಾಕಬಾರದು. ಆ ದೀಪಗಳು ಅಲ್ಲಿ ಬೇಕೇ ಎಂಬುದು ಬೇರೆ ಮಾತು. ನನ್ನನ್ನು ಕೇಳಿದರೆ ಬೇಡ.

ಪುಸ್ತಕ

ಹೊಳಲ್ಕೆರೆ ಕಡೆಯ ಆ ಕಾರಂಜಿಗೆ ಈಗ 200 ಪುಟದ ಒಂದು ಲೆಕ್ಕದ ಪುಸ್ತಕವಿದೆ. ಮೊದಲ ಪುಟದಲ್ಲಿ ಕೋಡಿ, ಗಾಳಿ ಕಂಬ, ಮೂತಿ, ಹಳ್ಳದ ವಾಲ್ವ್ ಇವುಗಳ ಮಟ್ಟಗಳು, ಎರಡನೆಯದರಲ್ಲಿ ಕೊಳವೆಯ ದಾರಿಯ ನಕ್ಷೆ, ಮೂರನೆಯದರಿಂದ ತಿಂಗಳಿಗೊಂದು ಸಾಲು: ದಿನಾಂಕ, ಕೋಡಿಯಿಂದ ನೀರು ಎಷ್ಟು ಕೆಳಗೆ, 20 ಲೀಟರಿಗೆ ಎಷ್ಟು ಸೆಕೆಂಡು, ಮೂತಿ ಮುಚ್ಚಿದಾಗ ಲೆವೆಲ್ ಪೈಪಿನಲ್ಲಿ ಎಷ್ಟು ಮೀಟರ್. ಅಜ್ಜನ ಮೊಮ್ಮಗಳು ಅದನ್ನು ಬರೆಯುತ್ತಾಳೆ. ಹೊಂಡದ ನೀರು ಕೋಡಿಗಿಂತ 1.5 ಮೀಟರ್ ಇಳಿದ ದಿನ, ಅಂದರೆ ನೀರು ಬಂಡೆಯ ಮೇಲಿನ ಉಬ್ಬಿನ ಮಟ್ಟಕ್ಕೆ ಬಂದ ದಿನ, ಅವಳು ಸೆಕೆಂಡಿನ ಜಾಗದಲ್ಲಿ ‘ಬೇಸಿಗೆ’ ಎಂದು ಬರೆದು ಪುಸ್ತಕ ಮುಚ್ಚಿ ಮನೆಗೆ ಹೋಗುತ್ತಾಳೆ.